ಕುಂಡದ ಗಿಡಕ್ಕೆ ನೀರು: ಬರುವ ದಾರಿ, ಹೋಗುವ ದಾರಿ

ಇಂದಿನ ಮುಂಬೈ ನಗರವು ಹಿಂದೆ ಏಳು ದ್ವೀಪಗಳ ಸಮೂಹವಾಗಿತ್ತು. ಪರೇಲ್ ಅವುಗಳಲ್ಲೊಂದು. ದ್ವೀಪಗಳ ನಡುವಣ ತಗ್ಗುಗಳನ್ನು ಕಾಲಕ್ರಮದಲ್ಲಿ ತುಂಬಿಸಿ ನಗರವನ್ನು ಕಟ್ಟಲಾಯಿತು. ಪರೇಲ್ ಮತ್ತು ದಾದರ್ ನಡುವಣ ಹಿಂದ್‌ಮಾತಾ ಪರಿಸರವು ಬಟ್ಟಲಿನಂತೆ ತಗ್ಗಾಗಿದೆ. ಬಿರುಮಳೆ ಸುರಿಯುವ ವೇಳೆಯಲ್ಲಿಯೇ ಸಮುದ್ರದಲ್ಲಿ ಭರತವೂ ಇದ್ದರೆ ಅಲ್ಲಿನ ನೀರು ಬೇಗನೆ ಇಳಿಯುವುದಿಲ್ಲ. ನೀರಿಗೆ ಹೊರಹೋಗುವ ದಾರಿ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಪರೇಲ್‌ನ ನಿವಾಸಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ನಿಯಮವು ಚಾಳಿನ ಗ್ಯಾಲರಿಯಲ್ಲಿರುವ ಒಂದು ತುಳಸಿ ಕುಂಡಕ್ಕೂ ಅನ್ವಯಿಸುತ್ತದೆ.

ನೆಲ ಕಡಿಮೆಯಾದ ನಗರದಲ್ಲಿ ತುಳಸಿ, ದೊಡ್ಡಪತ್ರೆ, ಕರಿಬೇವು, ಬಸಳೆ, ಮಲ್ಲಿಗೆ ಮುಂತಾದ ಗಿಡಗಳು ಕುಂಡಗಳಲ್ಲಿ, ಹಳೆಯ ಎಣ್ಣೆ ಡಬ್ಬಗಳಲ್ಲಿ, ಒಡೆದ ಬಕೆಟ್‌ಗಳಲ್ಲಿ ಬೆಳೆಯುತ್ತವೆ. ಇಂತಹ ಗಿಡಗಳಲ್ಲಿ ಹಲವು ನೀರಿನ ಕೊರತೆಯಿಂದಲ್ಲ, ನೀರು ನಿಲ್ಲುವುದರಿಂದ ಸಾಯುತ್ತವೆ. ಅಷ್ಟೇ ಅಲ್ಲ, ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಮನೆಯವರ ಆರೋಗ್ಯಕ್ಕೂ ಅಪಾಯವನ್ನು ತರುತ್ತದೆ.

ಬೇರಿಗೂ ಉಸಿರಾಟ ಬೇಕು

ಗಿಡದ ಬೇರುಗಳು ನೀರನ್ನು ಹೀರುವುದರ ಜೊತೆಗೆ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಣ ಸಣ್ಣ ಸಂದುಗಳಲ್ಲಿರುವ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುತ್ತವೆ. ಈ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಗಾಳಿಗೆ ಎಡೆಯಿರುವುದಿಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ನೀರು ನಿಂತ ಕುಂಡದಲ್ಲಿ ಬೇರುಗಳು ಉಸಿರುಕಟ್ಟಿ ಕೊಳೆಯತೊಡಗುತ್ತವೆ. ಮಲೆನಾಡಿನ ಅಡಿಕೆಗೆ ಕೊಳೆರೋಗವನ್ನೂ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗವನ್ನೂ ತರುವ ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿಗಳು ಒದ್ದೆ ಮಣ್ಣಿನಲ್ಲಿಯೇ ವೃದ್ಧಿಯಾಗುತ್ತವೆ. ಅವುಗಳ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಬೇರನ್ನು ತಲುಪಬಲ್ಲವು.

ಇಲ್ಲಿ ಒಂದು ಮೋಸಹೋಗುವ ಸಂಗತಿಯಿದೆ. ಬೇರು ಕೊಳೆತ ಗಿಡವು ನೀರನ್ನು ಮೇಲೆತ್ತಲಾರದು. ಆದುದರಿಂದ ಅದರ ಎಲೆಗಳು ಬಾಯಾರಿದ ಗಿಡದ ಎಲೆಗಳಂತೆಯೇ ಬಾಡಿ ಜೋತುಬೀಳುತ್ತವೆ. ಇದನ್ನು ಕಂಡ ಮನೆಯವರು ಇನ್ನೊಂದು ತಂಬಿಗೆ ನೀರನ್ನು ಹಾಕುತ್ತಾರೆ, ಗಿಡ ಇನ್ನಷ್ಟು ಬೇಗ ಸಾಯುತ್ತದೆ. ಆದ್ದರಿಂದ ಎಲೆಯನ್ನು ನೋಡಿ ನೀರು ಹಾಕಬಾರದು. ಮಣ್ಣನ್ನು ಮುಟ್ಟಿ ನೋಡಿ ಹಾಕಬೇಕು. ಬೆರಳನ್ನು ಎರಡು ಅಂಗುಲದಷ್ಟು ಒಳಕ್ಕೆ ಇಳಿಸಿದಾಗ ತೇವ ತಿಳಿದರೆ ಆ ದಿನ ನೀರು ಬೇಡ. ಸಣ್ಣ ಕುಂಡವಾದರೆ ಎತ್ತಿ ನೋಡಿಯೂ ತಿಳಿಯಬಹುದು. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವುದರಿಂದ ಒಣಗಿದ ಕುಂಡವು ಕೈಗೆ ಸ್ಪಷ್ಟವಾಗಿ ಹಗುರವೆನಿಸುತ್ತದೆ.

ತಳದ ಜಲ್ಲಿಯಿಂದ ಪ್ರಯೋಜನವಿಲ್ಲ

ಕುಂಡದ ತಳದಲ್ಲಿ ಒಂದೆರಡು ಅಂಗುಲ ಜಲ್ಲಿ ಅಥವಾ ಇಟ್ಟಿಗೆ ಚೂರನ್ನು ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಆ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಹೀಗಾಗಿ ತಳದಲ್ಲಿರಬೇಕಾದ ಕೆಸರಿನ ಪದರವು ಜಲ್ಲಿಯ ಮೇಲಕ್ಕೆ ಏರಿ, ಬೇರುಗಳಿಗೆ ಇನ್ನೂ ಹತ್ತಿರವಾಗುತ್ತದೆ.

ಪಾತ್ರೆ ತೊಳೆಯುವ ಚಪ್ಪಟೆಯಾದ ಸ್ಪಂಜಿನಿಂದ ಈ ತತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡವಾಗಿ ಹಿಡಿದರೆ ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಬಳಿಕ ಅದನ್ನೇ ಹಿಂಡದೆ ಉದ್ದವಾಗಿ ನಿಲ್ಲಿಸಿ ಹಿಡಿದರೆ ಮತ್ತಷ್ಟು ನೀರು ಇಳಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬೇರೆ. ಅಂತೆಯೇ ಆಳವಿಲ್ಲದ ಕುಂಡಕ್ಕಿಂತ ಆಳವಾದ ಕುಂಡದಲ್ಲಿ ಬೇರುಗಳಿಗೆ ಗಾಳಿಯಾಡುವ ಭಾಗ ಹೆಚ್ಚಾಗಿರುತ್ತದೆ. ಜಲ್ಲಿ ತುಂಬಿದರೆ ಕುಂಡದ ಆಳವನ್ನು ಕೈಯಾರೆ ಕಡಿಮೆ ಮಾಡಿದಂತಾಗುತ್ತದೆ. ತೂತಿನ ಮೂಲಕ ಮಣ್ಣು ಜಾರದಂತೆ ಸೊಳ್ಳೆಪರದೆಯ ಒಂದು ತುಂಡನ್ನು ಇಟ್ಟರೆ ಸಾಕು.

ಬಸಿಯುವಿಕೆಯನ್ನು ನಿರ್ಧರಿಸುವ ಅಂಶಗಳು ಮೂರು. ಮೊದಲನೆಯದು ತೂತು. ಹತ್ತು ಅಂಗುಲದ ಕುಂಡಕ್ಕೆ ಕಿರುಬೆರಳ ಗಾತ್ರದ ಮೂರರಿಂದ ಐದು ತೂತುಗಳಿರಬೇಕು. ಎಣ್ಣೆ ಡಬ್ಬ ಮತ್ತು ಬಕೆಟ್‌ಗಳಿಗೆ ಗಿಡ ನೆಡುವ ಮೊದಲೇ ತೂತು ಕೊರೆಯಬೇಕು. ಎರಡನೆಯದು ಮಿಶ್ರಣ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳನ್ನು ಸಮಪಾಲಿನಲ್ಲಿ ಬೆರೆಸಿದರೆ ನೀರು ಮತ್ತು ಗಾಳಿ ಎರಡಕ್ಕೂ ಸ್ಥಳ ದೊರೆಯುತ್ತದೆ. ಕಡಲ ಮರಳಿನಲ್ಲಿ ಉಪ್ಪಿರುವುದರಿಂದ ಅದನ್ನು ಬಳಸಬಾರದು. ಹಳೆಯ ಕಟ್ಟಡಗಳ ಗ್ಯಾಲರಿಗೆ ಭಾರ ಹೇರದಿರುವುದು ಕ್ಷೇಮ; ಅಂತಹ ಕಡೆ ಮರಳಿಗಿಂತ ಹಗುರವಾದ ನಾರಿನ ಪುಡಿಯೇ ಲೇಸು. ಮೂರನೆಯದು ಕುಂಡದ ನೆಲೆ. ನೆಲಕ್ಕೆ ಅಂಟಿಕೊಂಡ ಕುಂಡದ ತೂತು ಮುಚ್ಚಿಹೋಗುತ್ತದೆ. ಇಟ್ಟಿಗೆ ಅಥವಾ ಹೆಂಚಿನ ಚೂರುಗಳ ಮೇಲೆ ಕುಂಡವನ್ನು ಒಂದು ಅಂಗುಲ ಎತ್ತರಿಸಿದರೆ ಈ ತೊಂದರೆ ತಪ್ಪುತ್ತದೆ.

ನೀರು ಹಾಕುವ ಕ್ರಮ

ದಿನವೂ ಒಂದೊಂದು ಲೋಟ ನೀರನ್ನು ಮೇಲೆ ಚಿಮುಕಿಸುವುದು ಸರಿಯಾದ ಕ್ರಮವಲ್ಲ. ಅದರಿಂದ ಮೇಲ್ಮಣ್ಣು ಮಾತ್ರ ನೆನೆದು ಆಳದ ಬೇರುಗಳು ಒಣಗುತ್ತವೆ. ಅಗತ್ಯವಾದಾಗ ನಿಧಾನವಾಗಿ, ತಳದ ತೂತಿನಿಂದ ನೀರು ತೊಟ್ಟಿಕ್ಕುವವರೆಗೆ ಹಾಕಿ, ಮತ್ತೆ ಮೇಲ್ಮಣ್ಣು ಒಣಗುವವರೆಗೆ ಬಿಡಬೇಕು. ಹೀಗೆ ಹೊರಹೋಗುವ ನೀರು ಮಣ್ಣಿನಲ್ಲಿ ಸೇರಿಕೊಂಡ ಹೆಚ್ಚಿನ ಉಪ್ಪನ್ನೂ ತೊಳೆಯುತ್ತದೆ. ತಟ್ಟೆಗೆ ಇಳಿದ ನೀರನ್ನು ಅರ್ಧ ಗಂಟೆಯ ಬಳಿಕ ಚೆಲ್ಲಬೇಕು. ಕೆಳಗಿನ ಮಹಡಿಯವರ ಬಟ್ಟೆಯ ಮೇಲೆ ಕೆಸರು ನೀರು ಬೀಳದಿರಲು ತಟ್ಟೆ ಬೇಕೇ ಬೇಕು; ಆದರೆ ಅದು ನೀರನ್ನು ಹಿಡಿಯುವ ಪಾತ್ರೆಯೇ ಹೊರತು ಸಂಗ್ರಹಿಸುವ ಪಾತ್ರೆಯಲ್ಲ.

ನಾರಿನ ಪುಡಿ ತೀರ ಒಣಗಿದರೆ ನೀರನ್ನು ಒಳಗೆ ಬಿಡುವುದಿಲ್ಲ. ಹಾಕಿದ ನೀರೆಲ್ಲ ಅಂಚಿನಿಂದ ಕೂಡಲೇ ಜಾರಿಹೋಗುತ್ತದೆ. ಆಗ ಕುಂಡವನ್ನು ನೀರಿರುವ ಬಕೆಟ್‌ನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಬೇಕು. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆವಿಯಾಗುವುದರಿಂದ ಅದು ಪ್ಲಾಸ್ಟಿಕ್ ಕುಂಡಕ್ಕಿಂತ ಬೇಗ ಒಣಗುತ್ತದೆ. ಮುಂಬೈಯಲ್ಲಿ ನಲ್ಲಿ ನೀರು ದಿನದ ನಿಗದಿತ ವೇಳೆಯಲ್ಲಿ ಬರುವುದೇ ವಾಡಿಕೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಕುಂಡಗಳಿಗೆ ಸಲ್ಲುತ್ತದೆ. ಉಪ್ಪು ಅಥವಾ ಸಾಬೂನು ಬೆರೆತ ನೀರು ಸಲ್ಲದು.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಮುಂಬೈಯಲ್ಲಿ ಸರಾಸರಿ 2,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ನಗರದಲ್ಲಿ ಬಿದ್ದ ಮಳೆ ಪ್ರತಿ ಕುಂಡದಲ್ಲಿಯೂ ಬೀಳಬೇಕೆಂದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ದಾಖಲಾದಾಗ ಅದೇ ನಗರದ ಕೊಲಾಬಾದಲ್ಲಿ ದಾಖಲಾದುದು 73 ಮಿಲಿಮೀಟರ್ ಮಾತ್ರ. ಅಂತೆಯೇ ಒಂದೇ ಗ್ಯಾಲರಿಯಲ್ಲಿ ಅಂಚಿನ ಕುಂಡ ತುಂಬಿ ಹರಿಯುತ್ತಿರುವಾಗ ಒಳಗಿನ ಕುಂಡ ಒಣಗಿರಬಹುದು. ಮಳೆಗಾಲದಲ್ಲಿಯೂ ಪ್ರತಿಯೊಂದು ಕುಂಡವನ್ನು ಬೆರಳಿನಿಂದಲೇ ಪರೀಕ್ಷಿಸಬೇಕು. ಲೋಳೆಸರದಂತಹ ರಸಭರಿತ ಗಿಡಗಳನ್ನು ಸೂರಿನಡಿಗೆ ಸರಿಸಬೇಕು. ತಟ್ಟೆಗಳನ್ನು ಈ ತಿಂಗಳುಗಳಲ್ಲಿ ತೆಗೆದಿಡುವುದು ಅಥವಾ ಅವುಗಳಲ್ಲಿ ಅಂಚಿನವರೆಗೆ ಮರಳು ತುಂಬುವುದು ಉತ್ತಮ.

ತಟ್ಟೆಯ ನೀರು ಮತ್ತು ಜ್ವರ

ಈ ಕೊನೆಯ ಸೂಚನೆ ಗಿಡಕ್ಕಿಂತ ಮನುಷ್ಯರಿಗೆ ಸಂಬಂಧಿಸಿದುದು. ನಿಂತ ನೀರಿಗೂ ಜ್ವರಕ್ಕೂ ಇರುವ ಸಂಬಂಧವನ್ನು ಮುಂಬೈ ಬಹುಕಾಲದಿಂದ ಬಲ್ಲದು. 1911ರಲ್ಲಿ ಚಾರ್ಲ್ಸ್ ಬೆಂಟ್ಲಿ ಸಲ್ಲಿಸಿದ ವರದಿಯು ನಗರದ ಮಲೇರಿಯಾಕ್ಕೆ ಬಾವಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ ಕಾರಣವೆಂದು ತೋರಿಸಿತು. ಪರೇಲ್‌ನಲ್ಲಿಯೇ 1899ರಿಂದ ಕಾರ್ಯನಿರತವಾಗಿರುವ ಹಾಫ್‌ಕಿನ್ ಸಂಸ್ಥೆಯೂ 1926ರಲ್ಲಿ ಆರಂಭವಾದ ಕೆ.ಇ.ಎಂ. ಆಸ್ಪತ್ರೆಯೂ ಇವೆ. ಮಳೆಗಾಲದ ಜ್ವರಗಳು ಈ ಬಡಾವಣೆಗೆ ಹೊಸವಲ್ಲ.

ಡೆಂಗಿ ಮತ್ತು ಚಿಕುನ್‌ಗುನ್ಯಾ ರೋಗಗಳನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಬಾವಿಯೂ ಬೇಡ, ಚರಂಡಿಯೂ ಬೇಡ. ಅದು ಹೂಕುಂಡದ ತಟ್ಟೆ, ಮನಿಪ್ಲಾಂಟ್ ಇಟ್ಟ ಬಾಟಲಿ, ಮುಚ್ಚಳವಿಲ್ಲದ ಪೀಪಾಯಿ ಮುಂತಾದವುಗಳಲ್ಲಿನ ಸ್ವಲ್ಪವೇ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಯೊಡೆದು ಹೊರಬಂದ ಮರಿಯು ರೆಕ್ಕೆಯ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನಗಳು ಸಾಕು. ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನು ಬರಿದುಮಾಡಿ ಒಣಗಿಸಬೇಕೆಂಬ ನಿಯಮಕ್ಕೆ ಇದೇ ಆಧಾರ. ಆದರೆ ನೀರನ್ನು ಚೆಲ್ಲಿದರೆ ಮಾತ್ರ ಸಾಲದು. ಈ ಸೊಳ್ಳೆಯು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಅವು ಒಣಗಿದ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದೊಡನೆ ಮರಿಯಾಗಬಲ್ಲವು. ಆದುದರಿಂದ ತಟ್ಟೆಯ ಒಳಬದಿಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆಯುವುದು ಅವಶ್ಯಕ. ಮನಿಪ್ಲಾಂಟಿನ ಬಾಟಲಿಯನ್ನೂ ವಾರಕ್ಕೊಮ್ಮೆ ಹೀಗೆಯೇ ಉಜ್ಜಿ, ಬೇರುಗಳನ್ನು ತೊಳೆದು, ಹೊಸ ನೀರು ತುಂಬಬೇಕು. ತಾವರೆಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಸಾಕಬಹುದು.

ಈಡಿಸ್ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ. ಹಲವು ಸಂಸಾರಗಳು ಒಂದೇ ಗ್ಯಾಲರಿಯನ್ನು ಹಂಚಿಕೊಂಡಿರುವ ಕಡೆ ಒಂದು ಮನೆಯ ತಟ್ಟೆಯಲ್ಲಿ ಬೆಳೆದ ಸೊಳ್ಳೆ ಪಕ್ಕದ ಮನೆಯ ಮಗುವನ್ನು ಹಗಲಿನಲ್ಲಿಯೇ ಕಚ್ಚುತ್ತದೆ. ನಗರಪಾಲಿಕೆಯ ಕೀಟನಿಯಂತ್ರಣ ಸಿಬ್ಬಂದಿ ಮನೆಬಾಗಿಲಿಗೆ ಬಂದು ಕುಂಡಗಳನ್ನು ಪರೀಕ್ಷಿಸುವುದು ಈ ಕಾರಣಕ್ಕಾಗಿಯೇ. ಅವರೊಡನೆ ಸಹಕರಿಸುವುದು ಎಲ್ಲರಿಗೂ ಹಿತ. ಇಡೀ ಮಹಡಿಯವರು ಕೂಡಿ ವಾರದ ಒಂದು ದಿನವನ್ನು ಗೊತ್ತುಮಾಡಿಕೊಂಡು ತಟ್ಟೆ, ಪೀಪಾಯಿಗಳನ್ನು ತೊಳೆದರೆ ಪ್ರಯೋಜನ ಇನ್ನೂ ಹೆಚ್ಚು.

ಕುಂಡಕ್ಕೆ ಹಾಕಿದ ನೀರು ಮಣ್ಣನ್ನೆಲ್ಲ ತೋಯಿಸಬೇಕು, ಉಳಿದುದು ಹೊರಬರಬೇಕು, ಹೊರಬಂದುದು ಎಲ್ಲಿಯೂ ನಿಲ್ಲಬಾರದು. ಇಷ್ಟನ್ನು ಪಾಲಿಸಿದರೆ ಗ್ಯಾಲರಿಯ ತುಳಸಿಯೂ ಚಿಗುರುತ್ತದೆ, ಮನೆಯ ಮಕ್ಕಳೂ ಕ್ಷೇಮವಾಗಿರುತ್ತಾರೆ.