ದಾರಿ ಹೇಳುವ ಯಂತ್ರ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಕಾರಿನಲ್ಲಿ ಹೊರಟಿದ್ದೇವೆಂದು ಭಾವಿಸೋಣ. “ಸಮೀಪದಲ್ಲಿ ನೋಡತಕ್ಕ ಸ್ಥಳಗಳಾವುವು?” ಎಂದು ಕೇಳಿದರೆ ಮೊಬೈಲಿನ ಧ್ವನಿಯು ಕಲ್ಯಾಣದ ಕೋಟೆಯನ್ನು ಹೆಸರಿಸೀತು. ಅದು ಕಂಡು ಹೇಳಿದ ಮಾತಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ರೇಡಿಯೋ ಸಂಕೇತಗಳು ಬಂದ ಕಾಲವನ್ನು ಗಣಿಸಿ ಯಂತ್ರವು ನಮ್ಮ ನೆಲೆಯನ್ನು ತಿಳಿಯುತ್ತದೆ; ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ಅಳತೆಯಲ್ಲಿ 300 ಮೀಟರ್ ವ್ಯತ್ಯಾಸವಾದೀತು! ಬಳಿಕ ನಕ್ಷೆಯ ಪಟ್ಟಿಯಲ್ಲಿ ಹತ್ತಿರದ ಹೆಸರುಗಳನ್ನು ಹುಡುಕುತ್ತದೆ. ಪಟ್ಟಿಯಲ್ಲಿಲ್ಲದುದು ಅದರ ಪಾಲಿಗೆ ಇಲ್ಲವೇ ಇಲ್ಲ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ಶಿಲಾಬಾಲಿಕೆಯೊಬ್ಬಳು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿದ್ದಾಳೆ. ಆ ಗುಡಿಯನ್ನು ಯಾರೂ ಗುರುತಿಸದಿದ್ದರೆ ಯಂತ್ರವು ಮೌನವಾಗಿಯೇ ಇರುತ್ತದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಇಂತಹ ಹೆಸರನ್ನು ಯಾರು ಬೇಕಾದರೂ, ಕನ್ನಡದಲ್ಲಿಯೇ, ಸೇರಿಸಬಹುದು.