ರೈತರಿಗೊಂದು ಅಳತೆ ಟೇಪು: ಆರಿಸುವ ಮತ್ತು ಬಳಸುವ ಕ್ರಮ

ಗೇಣು, ಮೊಳ, ಮಾರು ನಮ್ಮ ಹಿರಿಯರು ಬಳಸುತ್ತಿದ್ದ ಅಳತೆಗಳು. ಚಪ್ಪರ ಹಾಕಲು, ಹಗ್ಗ ಕತ್ತರಿಸಲು ಇವು ಇಂದಿಗೂ ಸಾಕು. ಆದರೆ ಒಬ್ಬರ ಗೇಣು ಇನ್ನೊಬ್ಬರ ಗೇಣಿಗೆ ಸಮನಾಗಿರುವುದಿಲ್ಲ. ಇಂದು ರೈತರ ಮನೆಗಳಲ್ಲಿ ಪಂಪು, ಪೈಪು, ಬೆಲ್ಟು, ಟ್ರ್ಯಾಕ್ಟರ್ ಕೂರಿಗೆ ಮುಂತಾದ ಸಲಕರಣೆಗಳಿವೆ. ಇವುಗಳ ಕೆಲಸಕ್ಕೆ ಅಂದಾಜಿನ ಅಳತೆ ಸಾಲದು. ಜೇಬಿನಲ್ಲಿ ಹಿಡಿಸುವ ಒಂದು ಉಕ್ಕಿನ ಟೇಪು ಕಡಿಮೆ ಖರ್ಚಿನ ಸಲಕರಣೆಯಾದರೂ, ಅದನ್ನು ಪರೀಕ್ಷಿಸಿ ಕೊಂಡು ಸರಿಯಾಗಿ ಬಳಸದಿದ್ದರೆ ಆಗುವ ನಷ್ಟ ಚಿಕ್ಕದಲ್ಲ.

ತಪ್ಪು ಅಳತೆಯಿಂದಾಗುವ ನಷ್ಟ

ಒಂದು ಉದಾಹರಣೆ ನೋಡೋಣ. ಮುಸುಕಿನ ಜೋಳಕ್ಕೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರ ಕೊಡುತ್ತೇವೆ. ಈ ಲೆಕ್ಕದಲ್ಲಿ ಒಂದು ಎಕರೆಗೆ, ಅಂದರೆ ಸುಮಾರು 4,047 ಚದರ ಮೀಟರಿಗೆ, 22,480 ಗಿಡಗಳು ಬರುತ್ತವೆ. ಕೂರಿಗೆಯನ್ನು ಹೊಂದಿಸುವಾಗ ಒಂದು ತಾಳಿನ ಒಳ ಅಂಚಿನಿಂದ ಮುಂದಿನ ತಾಳಿನ ಒಳ ಅಂಚಿಗೆ 60 ಸೆಂ.ಮೀ. ಅಳೆದರು ಎನ್ನೋಣ. ತಾಳು 5 ಸೆಂ.ಮೀ. ಅಗಲವಿದ್ದರೆ ಸಾಲುಗಳ ನಿಜವಾದ ಅಂತರ 65 ಸೆಂ.ಮೀ. ಆಗುತ್ತದೆ. ಆಗ ಎಕರೆಗೆ ಬರುವ ಗಿಡಗಳು ಸುಮಾರು 20,750 ಮಾತ್ರ. ಅಂದರೆ 1,700ಕ್ಕೂ ಹೆಚ್ಚು ಗಿಡಗಳ ಜಾಗ ಖಾಲಿ ಬಿಟ್ಟಂತಾಯಿತು.

ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ಎಡೆ ಹೊಡೆಯುವ ಸಲಕರಣೆಯನ್ನು 60 ಸೆಂ.ಮೀ.ಗೆ ಹೊಂದಿಸಿದ್ದರೆ, ಮೊದಲ ಸಾಲಿಗೆ ಸರಿಯಾಗಿ ಕೂತರೂ ಎರಡನೆಯ ಸಾಲಿನಲ್ಲಿ 5, ಮೂರನೆಯದರಲ್ಲಿ 10, ನಾಲ್ಕನೆಯದರಲ್ಲಿ 15 ಸೆಂ.ಮೀ. ವ್ಯತ್ಯಾಸ ಬೀಳುತ್ತದೆ. ಕಳೆಯ ಜೊತೆಗೆ ಬೆಳೆಯೂ ಕತ್ತರಿಸಿಹೋಗುತ್ತದೆ. ಆದ್ದರಿಂದ ಯಾವಾಗಲೂ ತಾಳಿನ ಮಧ್ಯದಿಂದ ಮುಂದಿನ ತಾಳಿನ ಮಧ್ಯಕ್ಕೆ ಅಳೆಯಬೇಕು.

ಎಂಥ ಟೇಪನ್ನು ಆರಿಸಬೇಕು?

1. ಉದ್ದ: ಮನೆಯ ದುರಸ್ತಿ ಕೆಲಸಕ್ಕೆ 3 ಮೀಟರ್ ಟೇಪು ಸಾಕು. ಕೂರಿಗೆ, ಪೈಪು, ಕೊಟ್ಟಿಗೆ, ಹನಿ ನೀರಾವರಿ ಕೆಲಸಗಳಿಗೆ 5 ಮೀಟರ್ ಟೇಪು ಉತ್ತಮ. ಹೊಲ ಅಳೆಯಲು ಇವೆರಡೂ ತಕ್ಕವಲ್ಲ. 100 ಮೀಟರ್ ಬದುವನ್ನು 5 ಮೀಟರ್ ಟೇಪಿನಿಂದ ಅಳೆಯಲು ಅದನ್ನು 20 ಸಲ ಹಾಸಬೇಕು. ಪ್ರತಿ ಸಲ ಒಂದೇ ಕಡೆಗೆ 1 ಸೆಂ.ಮೀ. ತಪ್ಪಿದರೂ ಕೊನೆಗೆ 20 ಸೆಂ.ಮೀ. ತಪ್ಪಾಗುತ್ತದೆ. ಹೊಲಕ್ಕೆ 30 ಅಥವಾ 50 ಮೀಟರಿನ ಉದ್ದ ಟೇಪನ್ನೇ ಬಳಸಬೇಕು.

2. ಪಟ್ಟಿಯ ಅಗಲ: ಅಗಲ ಪಟ್ಟಿಯನ್ನು ಹೊರಗೆ ಚಾಚಿದಾಗ ಬೇಗ ಬಾಗುವುದಿಲ್ಲ, ಒಬ್ಬರೇ ಅಳೆಯಲು ಅನುಕೂಲ. 13 ಅಥವಾ 16 ಮಿ.ಮೀ. ಪಟ್ಟಿ ಹಗುರವಾಗಿದ್ದು ಜೇಬಿನಲ್ಲಿಡಲು ಸುಲಭ. 5 ಮೀಟರ್ ಟೇಪಿಗೆ 19 ಮಿ.ಮೀ. ಅಗಲ ಒಳ್ಳೆಯದು. 25 ಮಿ.ಮೀ. ಪಟ್ಟಿ ಇನ್ನೂ ಗಟ್ಟಿಯಾದರೂ ಡಬ್ಬಿ ದಪ್ಪ ಮತ್ತು ಭಾರ.

3. ನಿಖರತೆಯ ದರ್ಜೆ: ಹಲವು ಟೇಪುಗಳ ಪಟ್ಟಿಯ ಮೊದಲ ಭಾಗದಲ್ಲಿ ರೋಮನ್ ಅಂಕಿಯಲ್ಲಿ ಒಂದು, ಎರಡು ಅಥವಾ ಮೂರು ಎಂದು ಮುದ್ರಿಸಿರುತ್ತಾರೆ. ಇದು ದರ್ಜೆಯ ಗುರುತು. 5 ಮೀಟರ್ ಉದ್ದಕ್ಕೆ ಪಟ್ಟಿಯಲ್ಲಿ ಇರಬಹುದಾದ ತಪ್ಪು ಒಂದನೆಯ ದರ್ಜೆಯಲ್ಲಿ 0.6 ಮಿ.ಮೀ., ಎರಡನೆಯದರಲ್ಲಿ 1.3 ಮಿ.ಮೀ., ಮೂರನೆಯದರಲ್ಲಿ 2.6 ಮಿ.ಮೀ. ನಮ್ಮ ಕೆಲಸಗಳಿಗೆ ಎರಡನೆಯ ದರ್ಜೆ ಧಾರಾಳವಾಗಿ ಸಾಕು.

4. ಅಂಕಿಗಳು: ಒಂದು ಅಂಚಿಗೆ ಸೆಂಟಿಮೀಟರ್, ಇನ್ನೊಂದಕ್ಕೆ ಇಂಚು ಇರುವ ಟೇಪನ್ನು ಕೊಳ್ಳಿರಿ. ಮೆಟ್ರಿಕ್ ಪದ್ಧತಿಗೆ ನಮ್ಮ ದೇಶದಲ್ಲಿ 1956ರಲ್ಲೇ ಕಾಯ್ದೆ ಬಂದರೂ ಬೆಲ್ಟಿನ ಉದ್ದವನ್ನು ಇಂದಿಗೂ ಇಂಚಿನಲ್ಲಿ ಹೇಳುತ್ತಾರೆ. ಒಂದು ಇಂಚು ಎಂದರೆ 2.54 ಸೆಂ.ಮೀ. ಅಂಕಿಗಳು ದಪ್ಪವಾಗಿದ್ದು ಉಗುರಿನಿಂದ ಉಜ್ಜಿದರೆ ಅಳಿಸಬಾರದು.

5. ತಡೆಗುಂಡಿ: ಪಟ್ಟಿಯನ್ನು ಎಳೆದು ಗುಂಡಿ ಒತ್ತಿದಾಗ ಅದು ಜಾರದೆ ನಿಲ್ಲಬೇಕು.

ತುದಿಯ ಕೊಕ್ಕೆ ಅಲ್ಲಾಡುವುದೇಕೆ?

ಪಟ್ಟಿಯ ತುದಿಯಲ್ಲಿರುವ ಕೊಕ್ಕೆ ಸ್ವಲ್ಪ ಅಲ್ಲಾಡುವುದನ್ನು ಕಂಡು ಕೆಲವರು ಟೇಪು ಕೆಟ್ಟಿದೆ ಎಂದು ತಿಳಿಯುತ್ತಾರೆ. ಇನ್ನು ಕೆಲವರು ಅದರ ರಿವೆಟನ್ನು ಬಡಿದು ಬಿಗಿಮಾಡುತ್ತಾರೆ. ಇದು ತಪ್ಪು. ಕೊಕ್ಕೆಯ ದಪ್ಪ ಎಷ್ಟಿದೆಯೋ ಅಷ್ಟೇ ದೂರ ಅದು ಹಿಂದೆ ಮುಂದೆ ಸರಿಯುವಂತೆ ಬೇಕೆಂದೇ ಮಾಡಿರುತ್ತಾರೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ಹೊರಗೆ ಸರಿಯುತ್ತದೆ. ಗೋಡೆಗೆ ಒತ್ತಿದಾಗ ಒಳಗೆ ಸರಿಯುತ್ತದೆ. ಇದರಿಂದ ಎರಡು ರೀತಿಯಲ್ಲೂ ಸರಿಯಾದ ಅಳತೆ ದೊರೆಯುತ್ತದೆ.

ಕೊಕ್ಕೆ ಸರಿಯಾಗಿದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಬಹುದು. ಕೊಕ್ಕೆಯನ್ನು ಹಲಗೆಯ ಅಂಚಿಗೆ ಸಿಕ್ಕಿಸಿ 30 ಸೆಂ.ಮೀ.ಗೆ ಗೆರೆ ಹಾಕಿರಿ. ಬಳಿಕ ಕೊಕ್ಕೆ ಬಿಡಿಸಿ, 10 ಸೆಂ.ಮೀ. ಗುರುತನ್ನು ಅದೇ ಅಂಚಿಗೆ ಹೊಂದಿಸಿರಿ. ಗೆರೆ 40ಕ್ಕೆ ಸರಿಯಾಗಿ ಬಂದರೆ ಕೊಕ್ಕೆ ಸರಿಯಿದೆ. ಕೊಕ್ಕೆ ಸೊಟ್ಟಗಾದ ಅಥವಾ ಮುರಿದ ಹಳೆಯ ಟೇಪಿನಲ್ಲಿಯೂ ಹೀಗೆ 10ರಿಂದ ಆರಂಭಿಸಿ, ಬಂದ ಅಳತೆಯಲ್ಲಿ 10 ಕಳೆದರೆ ಸರಿಯಾದ ಲೆಕ್ಕ ಸಿಗುತ್ತದೆ.

ಬಳಸುವ ಕ್ರಮ

ಕೂರಿಗೆ: ನಾಲ್ಕು ತಾಳುಗಳಿದ್ದರೆ ಒಂದೊಂದೇ ಅಂತರವನ್ನು ಬೇರೆ ಬೇರೆ ಅಳೆಯಬಾರದು. ಮೊದಲ ತಾಳಿನ ಮಧ್ಯಕ್ಕೆ ಸೊನ್ನೆ ಹಿಡಿದು, ಟೇಪನ್ನು ಕದಲಿಸದೆ 60, 120, 180 ಸೆಂ.ಮೀ.ಗಳಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಆಗ ಒಂದರ ತಪ್ಪು ಮುಂದಿನದಕ್ಕೆ ಸೇರುವುದಿಲ್ಲ.

ಪೈಪು: ಬೇಸಾಯದ ಪಿವಿಸಿ ಪೈಪಿನ ಮಿಲಿಮೀಟರ್ ಅಳತೆ ಅದರ ಹೊರ ವ್ಯಾಸವನ್ನು ಸೂಚಿಸುತ್ತದೆ. ಹೂತಿರುವ ಪೈಪಿನ ಅಳತೆ ತಿಳಿಯದಿದ್ದರೆ ಅದರ ಸುತ್ತ ಒಂದು ನೂಲು ಸುತ್ತಿ, ಆ ನೂಲಿನ ಉದ್ದವನ್ನು ಟೇಪಿನಿಂದ ಅಳೆಯಿರಿ. 198 ಮಿ.ಮೀ. ಬಂದರೆ 63, 236 ಬಂದರೆ 75, 283 ಬಂದರೆ 90 ಮಿ.ಮೀ. ಪೈಪು ಎಂದು ತಿಳಿಯಬೇಕು.

ಬೆಲ್ಟು: ಸಂಖ್ಯೆ ಅಳಿಸಿಹೋದ ವಿ-ಬೆಲ್ಟಿನ ಮೇಲ್ಭಾಗದ ಅಗಲ ಮೊದಲು ನೋಡಿರಿ. 13 ಮಿ.ಮೀ. ಇದ್ದರೆ ಎ, 17 ಇದ್ದರೆ ಬಿ, 22 ಇದ್ದರೆ ಸಿ ಗಾತ್ರ. ಬಳಿಕ ಒಳಸುತ್ತಿನ ಉದ್ದವನ್ನು ನೂಲಿನಿಂದ ಅಳೆದು ಇಂಚಿನಲ್ಲಿ ಓದಿರಿ. ಬಿ ಗಾತ್ರದ ಬೆಲ್ಟಿನ ಒಳಸುತ್ತು 60 ಇಂಚು ಇದ್ದರೆ ಬಿ-60 ಬೆಲ್ಟು ಬೇಕು. ಹಳೆಯ ಬೆಲ್ಟು ಸ್ವಲ್ಪ ಹಿಗ್ಗಿರುತ್ತದೆ ಎಂಬುದನ್ನು ಮರೆಯಬಾರದು. ಅಳೆಯುವ ಮೊದಲು ಮೋಟಾರು ನಿಲ್ಲಿಸಿ ಕರೆಂಟು ತೆಗೆದಿರಬೇಕು.

ಟೇಪಿನಿಂದ ಆಗದ ಕೆಲಸ

ಟೇಪಿನಲ್ಲಿ ಒಂದು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಓದಲಾಗದು. ಶಾಫ್ಟು 25 ಮಿ.ಮೀ. ಇದೆಯೋ ಒಂದು ಇಂಚು, ಅಂದರೆ 25.4 ಮಿ.ಮೀ. ಇದೆಯೋ ಎಂದು ಟೇಪು ಹೇಳಲಾರದು. ಆದರೆ 25 ಮಿ.ಮೀ.ನ ಬೇರಿಂಗು ಒಂದು ಇಂಚಿನ ಶಾಫ್ಟಿಗೆ ಹಿಡಿಸುವುದಿಲ್ಲ. ಬಡಿದು ಕೂರಿಸಿದರೆ ಎರಡೂ ಹಾಳು. ಇಂಥ ಕೆಲಸಕ್ಕೆ ವರ್ನಿಯರ್ ಕ್ಯಾಲಿಪರ್ ಇರುವ ಕಾರ್ಯಾಗಾರದಲ್ಲೇ ಅಳತೆ ಮಾಡಿಸಬೇಕು.

ಕಾಪಾಡುವ ಬಗೆ

ಪಟ್ಟಿಯನ್ನು ಒಮ್ಮೆಲೇ ಬಿಟ್ಟರೆ ಕೊಕ್ಕೆ ಡಬ್ಬಿಗೆ ಬಡಿದು ಬೇಗ ಸಡಿಲಗೊಳ್ಳುತ್ತದೆ. ಕೈ ಹಿಡಿದು ನಿಧಾನವಾಗಿ ಒಳಗೆ ಬಿಡಬೇಕು. ಮಣ್ಣು, ನೀರು ಅಂಟಿದ್ದರೆ ಒಣ ಬಟ್ಟೆಯಿಂದ ಒರೆಸಿಯೇ ಸುತ್ತಬೇಕು, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ಉಕ್ಕಿನ ಪಟ್ಟಿ ವಿದ್ಯುತ್ ಹರಿಸುವುದರಿಂದ ಸ್ಟಾರ್ಟರ್ ಪೆಟ್ಟಿಗೆ ಮತ್ತು ತಂತಿಗಳ ಬಳಿ ಅದನ್ನು ಎಂದೂ ಚಾಚಬಾರದು.

ಬಿತ್ತನೆ ಮುಗಿದ ಮೇಲೆ ಸಾಲಿನ ಅಂತರವನ್ನು ತಿದ್ದಲಾಗದು. ಆದ್ದರಿಂದ ರೈತ ಬಾಂಧವರು ಮುಂಗಾರಿಗೆ ಮೊದಲೇ ಟೇಪಿನ ಕೊಕ್ಕೆಯನ್ನು ಪರೀಕ್ಷಿಸಿ, ಕೂರಿಗೆಯ ತಾಳುಗಳನ್ನು ಅಳೆದು ಹೊಂದಿಸಿಟ್ಟುಕೊಳ್ಳುವುದು ಲೇಸು.