ಸಂಕಲ್ಪದ ಮರುದಿನ: ಮದ್ಯ ತ್ಯಜಿಸಿದವರಿಗೆ ಪೂರಕ ಚಿಕಿತ್ಸೆ

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಬೇಡಿದ್ದು ಕಾಳು-ಕಾಸುಗಳನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಗುರುಸನ್ನಿಧಿಯಲ್ಲಿ ಕೈಗೊಂಡ ಇಂತಹ ಸಂಕಲ್ಪದಿಂದ ಅನೇಕ ಸಂಸಾರಗಳು ಉಳಿದಿವೆ. ಆದರೆ ಸಂಕಲ್ಪದ ಮರುದಿನ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮನೆಯವರು ಅರಿತಿರಬೇಕು.

ಬಹುಕಾಲ ನಿತ್ಯ ಕುಡಿದವರ ನರಮಂಡಲವು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಹಠಾತ್ತನೆ ನಿಲ್ಲಿಸಿದಾಗ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ತೋರುತ್ತವೆ. ಮೊದಲ 2 ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. 2ರಿಂದ 4ನೆಯ ದಿನದೊಳಗೆ ಬುದ್ಧಿಭ್ರಮೆಯಾಗಿ, ಇಲ್ಲದ್ದು ಕಣ್ಣಿಗೆ ಕಂಡು, ಪ್ರಾಣಾಪಾಯವೂ ಒದಗಬಹುದು. ಇದನ್ನು ಗಾಳಿಸೋಂಕೆಂದು ಬಗೆದು ಕಾಲ ಕಳೆಯಬಾರದು. ಕೂಡಲೇ ಆಸ್ಪತ್ರೆಗೆ ಸೇರಿಸತಕ್ಕದ್ದು. ಅಲ್ಲಿ ನರಗಳನ್ನು ಶಾಂತಗೊಳಿಸುವ ಔಷಧಿಯನ್ನೂ ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಈ ಹಂತದಲ್ಲಿ ಕಷಾಯ, ಮಾಲೀಸುಗಳು ಅದಕ್ಕೆ ಬದಲಾಗಲಾರವು.

ಇದು ಆಯುರ್ವೇದಕ್ಕೆ ವಿರುದ್ಧವಾದ ಮಾತಲ್ಲ. ಚರಕಸಂಹಿತೆಯು ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವನ್ನು ಮದಾತ್ಯಯಕ್ಕೇ ಮೀಸಲಿಟ್ಟಿದೆ. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಬಿಡದೆ, ಭಾಗ ಭಾಗವಾಗಿ ಬಿಡಬೇಕೆಂದು ಸೂತ್ರಸ್ಥಾನದಲ್ಲಿ ಹೇಳಿದೆ. ಇಂದಿನ ವೈದ್ಯರು ಔಷಧಿಯ ಪ್ರಮಾಣವನ್ನು ದಿನೇ ದಿನೇ ಇಳಿಸುವುದರಲ್ಲಿಯೂ ಇದೇ ವಿವೇಕವಿದೆ.

ಅಪಾಯದ ದಿನಗಳು ಕಳೆದ ಮೇಲೆ ಪೂರಕ ಚಿಕಿತ್ಸೆಯ ಕಾಲ ಬರುತ್ತದೆ. ಆಗ ಉಳಿಯುವುದು ನಿದ್ರೆಯ ಕೊರತೆ, ಚಡಪಡಿಕೆ, ಅಗ್ನಿಮಾಂದ್ಯ. ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ವೈದ್ಯರ ಸಮಕ್ಷಮದಲ್ಲಿ ಶಿರೋಧಾರೆ, ಸರಳ ಆಸನಗಳು, ನಿಧಾನವಾದ ಅನುಲೋಮ-ವಿಲೋಮ ಇವು ದೇಹ-ಮನಸ್ಸುಗಳಿಗೆ ವಿಶ್ರಾಂತಿ ನೀಡುತ್ತವೆ. ಆಹಾರದಲ್ಲಿ ಗಂಜಿ, ಹೆಸರುಬೇಳೆ, ಸೊಪ್ಪು, ಮಜ್ಜಿಗೆ ಇರಲಿ. ಕುಡಿತದ ಸೆಳೆತವು ಹೆಚ್ಚಾಗಿ ರೂಢಿಯ ಹೊತ್ತಿನಲ್ಲಿಯೇ ಕಾಡುತ್ತದೆ. ಬಹುಮಟ್ಟಿಗೆ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆದುದರಿಂದ ಸಂಜೆಯ ಆ ಹೊತ್ತನ್ನು ಸ್ನಾನ, ಇಷ್ಟಲಿಂಗಪೂಜೆ, ಬೇಗನೆಯ ಊಟಗಳಿಂದ ತುಂಬಿಕೊಳ್ಳುವುದು ಲೇಸು.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಮೊದಲನೆಯದು: ದ್ರಾಕ್ಷಾಸವ, ಅಶ್ವಗಂಧಾರಿಷ್ಟ ಮುಂತಾದ ಆಸವ-ಅರಿಷ್ಟಗಳು ಹುದುಗಿಸಿ ತಯಾರಿಸಿದವು, ಅವುಗಳಲ್ಲಿ ತಾನಾಗಿಯೇ ಉಂಟಾದ ಮದ್ಯಾಂಶವು ಸಾಮಾನ್ಯವಾಗಿ ಶೇ. 5ರಿಂದ 10ರಷ್ಟಿರುತ್ತದೆ. ಚಟ ಬಿಟ್ಟವರಿಗೆ ಇವು ಸಲ್ಲವು. ಡೈಸಲ್ಫಿರಾಮ್ ಮಾತ್ರೆ ಸೇವಿಸುವವರಿಗಂತೂ ಇವುಗಳಿಂದ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಬಹುದು. ಚೂರ್ಣ, ಕಷಾಯದ ರೂಪದಲ್ಲಿ ಔಷಧಿಯನ್ನು ವೈದ್ಯರಲ್ಲಿ ಕೇಳಿ ಪಡೆಯಿರಿ. ಯಕೃತ್ತಿನ ದೋಷವಿದ್ದರೆ ಅದನ್ನೂ ತಿಳಿಸಿರಿ. ಎರಡನೆಯದು: ಕುಡಿತ ಬಿಡಿಸುವುದೆಂದು ಮಾರುವ ಪುಡಿಯನ್ನು ಗುಟ್ಟಾಗಿ ಅನ್ನದಲ್ಲಿ ಬೆರೆಸಬೇಡಿರಿ. ಅದರಲ್ಲಿರುವ ದ್ರವ್ಯ ಯಾವುದೆಂದು ಬೆರೆಸುವವರಿಗೇ ತಿಳಿದಿರುವುದಿಲ್ಲ. ತಿಳಿಯದೆ ಅದನ್ನು ತಿಂದವನು ಮತ್ತೆ ಕುಡಿದರೆ ಆಪತ್ತಾಗಬಹುದು. ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ.

ಮತ್ತೊಮ್ಮೆ ಕುಡಿದುಬಂದರೆ ಹಂಗಿಸದೆ, ಚಿಕಿತ್ಸೆಗೆ ಮರಳಿ ಕರೆತನ್ನಿರಿ. ವ್ಯಸನಮುಕ್ತಿಯ ಸಲಹೆಗೆ 14446, ಮನೋವ್ಯಾಕುಲಕ್ಕೆ ಟೆಲಿ ಮಾನಸ್ 14416 ಎಂಬ ಉಚಿತ ದೂರವಾಣಿ ಸಂಖ್ಯೆಗಳಿವೆ. ಸಂಕಲ್ಪ ತೊಡುವ ಮುನ್ನವೇ ವೈದ್ಯರನ್ನು ಕಂಡು ಮಾತನಾಡಿರಿ.